ಆಸ್ಟ್ರೇಲಿಯಾದ ಕ್ರಾಫ್ಟ್ ಸೈಡರ್ ರುಚಿ ನೋಡುವುದು ಹೇಗೆ: ಬಾಟಲಿ ಆರಿಸುವುದರಿಂದ ಮರುದಿನದ ಗುಟುಕಿನವರೆಗೆ

ಸೈಡರ್ ಅಂದರೆ ಸೇಬಿನ ರಸವನ್ನು ಹುದುಗಿಸಿ ಮಾಡುವ ಮದ್ಯ; ಸಣ್ಣ ತಯಾರಕರು ಮಾಡಿದ್ದು ಕ್ರಾಫ್ಟ್ ಸೈಡರ್. ಇಲ್ಲಿನ ಗೆಳೆಯರು ಅದರ ಬಗ್ಗೆ ಮತ್ತೆ ಮತ್ತೆ ಹೇಳುವ ಮಾತು ಒಂದಿದೆ. "ಸೈಡರ್ ಅಂದ್ರೆ ಸಿಹಿ ಸೋಡಾ ತಾನೆ? ಯಾವುದು ಕುಡಿದರೂ ಒಂದೇ ಥರ." ಏನು ಮಾಡಿದಿರಿ ಎಂದು ವಿಚಾರಿಸಿದರೆ ಕಥೆಯೂ ಒಂದೇ. ಅಂಗಡಿಯಿಂದ ನಾಲ್ಕು ಬಗೆ ತಂದಿರುತ್ತಾರೆ. ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟು, ಹೊರಗೆ ತೆಗೆದ ತಕ್ಷಣ ಕುಡಿದಿರುತ್ತಾರೆ. ಅದರಲ್ಲೂ ತುಂಬಾ ಸಿಹಿಯಾದದ್ದನ್ನೇ ಮೊದಲು ಒಡೆದಿರುತ್ತಾರೆ, ಜೊತೆಗೆ ಖಾರದ ಮಿಕ್ಸ್ಚರ್. ಇಷ್ಟಾದ ಮೇಲೆ ಎಂಥ ಒಳ್ಳೆಯ ಸೈಡರ್ ಆದರೂ ನಾಲಿಗೆಗೆ ಏನೂ ಹೇಳುವುದಿಲ್ಲ.

ತಪ್ಪು ನಾಲಿಗೆಯದಲ್ಲ, ಕ್ರಮದ್ದು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಒಂದು ಸಂಜೆಗೆ ನಾಲ್ಕೈದು ಸೈಡರ್, ಇಬ್ಬರಿಂದ ಆರು ಜನ ಸಾಕು. ಆಸ್ಟ್ರೇಲಿಯಾದಲ್ಲಿ ಕುಡಿಯುವ ವಯಸ್ಸು 18.

## ಬೇಕಾದ ಸಾಮಾನು

ಬಿಳಿ ವೈನ್ ಕುಡಿಯುವ ಗ್ಲಾಸ್, ತಲೆಗೆ ಎರಡಾದರೂ ಇರಲಿ. ಹೊಟ್ಟೆ ಅಗಲ, ಬಾಯಿ ಕಿರಿದು ಇದ್ದರೆ ಪರಿಮಳ ಒಳಗೇ ನಿಲ್ಲುತ್ತದೆ. ಬಿಯರ್ ಮಗ್ ಬೇಡ, ಸ್ಟೀಲ್ ಲೋಟವಂತೂ ಬೇಡವೇ ಬೇಡ. ಜೊತೆಗೆ ತಣ್ಣೀರು, ಉಪ್ಪು ಕಮ್ಮಿ ಇರುವ ಬಿಸ್ಕತ್ತು ಅಥವಾ ಸಾದಾ ಬ್ರೆಡ್, ಉಗಿಯಲು ಒಂದು ಪಾತ್ರೆ, ಬಿಳಿ ಕಾಗದ, ಪೆನ್ನು.

ಗ್ಲಾಸನ್ನು ಖಾಲಿ ಇರುವಾಗಲೇ ಮೂಸಿ ನೋಡಿ. ಸೋಪಿನ ವಾಸನೆ ಬಂದರೆ ಬಿಸಿನೀರಲ್ಲಿ ಮತ್ತೊಮ್ಮೆ ತೊಳೆಯಿರಿ. ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ: ಒಗ್ಗರಣೆ. ಇಂಗು, ಬೆಳ್ಳುಳ್ಳಿ ಹಾಕಿದ ಮೇಲೆ ಎರಡು ಗಂಟೆಯಾದರೂ ಅಡುಗೆಮನೆಯಲ್ಲಿ ಸೈಡರ್ ಮೂಸುವುದು ವ್ಯರ್ಥ. ಊದುಬತ್ತಿ ಹಚ್ಚಿದ ಕೋಣೆಯೂ ಹಾಗೇ. ರುಚಿ ನೋಡುವ ಮುಂಚಿನ ಒಂದು ಗಂಟೆ ಕಾಫಿ ಮತ್ತು ಎಲೆ ಅಡಿಕೆ ಬಿಡಿ.

## ಹಂತ 1: ನಾಲಿಗೆಯನ್ನು ಮೊದಲು ಪಳಗಿಸಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅರ್ಧ ಇದೇ.

ಸಕ್ಕರೆ ಹಾಕದ ಸೇಬಿನ ರಸ ಅರ್ಧ ಲೀಟರ್ ತನ್ನಿ. ಅರ್ಧ ಕಪ್ ಬಿಸಿನೀರಿನಲ್ಲಿ ಎರಡು ಟೀ ಬ್ಯಾಗ್ ಹಾಕಿ ಹತ್ತು ನಿಮಿಷ ಬಿಡಿ. ಹಾಲು ಸಕ್ಕರೆ ಏನೂ ಬೇಡ. ಈಗ ನಾಲ್ಕು ಲೋಟಕ್ಕೆ ನೂರು ನೂರು ಮಿಲಿ ರಸ ಹಾಕಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಂದು ಟೀ ಚಮಚ ನಿಂಬೆರಸ. ಮೂರನೆಯದಕ್ಕೆ ಎರಡು ಚಮಚ ಆ ಗಟ್ಟಿ ಚಹಾ. ನಾಲ್ಕನೆಯದಕ್ಕೆ ಎರಡನ್ನೂ ಹಾಕಿ.

ಒಂದೊಂದೇ ಬಾಯಲ್ಲಿ ಇಟ್ಟು ಗಮನಿಸಿ. ನಿಂಬೆರಸದ ಲೋಟ ಕೆನ್ನೆಯ ಒಳಗೆ ನೀರೂರಿಸುತ್ತದೆ. ಅದು ಹುಳಿ. ಚಹಾದ ಲೋಟ ಅದಕ್ಕೆ ತದ್ವಿರುದ್ಧ: ಬಾಯಿ ಒಣಗುತ್ತದೆ, ನಾಲಿಗೆ ಒಸಡಿಗೆ ಅಂಟಿದ ಹಾಗೆ ಆಗುತ್ತದೆ. ಅದು ಒಗರು. ಗೇರುಹಣ್ಣು ಕಚ್ಚಿದಾಗ, ಬಾಳೆಕಾಯಿ ಹಸಿಯಾಗಿ ತಿಂದಾಗ ಆಗುವುದೂ ಇದೇ. ನೆಲ್ಲಿಕಾಯಿಯಲ್ಲಿ ಹುಳಿ, ಒಗರು ಎರಡೂ ಒಟ್ಟಿಗೆ ಇವೆ, ನಮ್ಮ ನಾಲ್ಕನೆಯ ಲೋಟದ ಹಾಗೆ.

ಕನ್ನಡದವರಿಗೆ ಇದೊಂದು ದೊಡ್ಡ ಅನುಕೂಲ. ಒಗರು ಎನ್ನುವ ಮಾತನ್ನು ನಾವು ಚಿಕ್ಕಂದಿನಲ್ಲೇ ನೇರಳೆಹಣ್ಣು ತಿನ್ನುತ್ತಾ ಕಲಿತಿದ್ದೇವೆ. ಸೈಡರ್ ಓದಲು ಅದೇ ಕೀಲಿಕೈ.

ಸೈಡರ್ ಸೇಬುಗಳನ್ನು ವಿಂಗಡಿಸುವುದೂ ಇದೇ ನಾಲ್ಕು ಗುಂಪಾಗಿ. ಹುಳಿ, ಒಗರು ಎರಡೂ ಕಮ್ಮಿ ಇದ್ದರೆ ಸಿಹಿ ಸೇಬು. ಹುಳಿ ಜಾಸ್ತಿ, ಒಗರು ಕಮ್ಮಿ ಇದ್ದರೆ ಹುಳಿ ಸೇಬು. ಒಗರು ಜಾಸ್ತಿ, ಹುಳಿ ಕಮ್ಮಿ ಇದ್ದರೆ ಬಿಟರ್‌ಸ್ವೀಟ್. ಎರಡೂ ಜಾಸ್ತಿ ಇದ್ದರೆ ಬಿಟರ್‌ಶಾರ್ಪ್. ರಸದಲ್ಲಿ ಹುಳಿ ಶೇ. 0.45 ದಾಟಿದರೆ ಹುಳಿಯ ಗುಂಪು, ಒಗರಿನ ಅಂಶವಾದ ಟ್ಯಾನಿನ್ ಶೇ. 0.2 ದಾಟಿದರೆ ಬಿಟರ್ ಗುಂಪು.

ಆಸ್ಟ್ರೇಲಿಯಾದ ಹೆಚ್ಚಿನ ಸೈಡರ್ ತಿನ್ನುವ ಸೇಬಿನದು: ಪಿಂಕ್ ಲೇಡಿ, ಗ್ರ್ಯಾನಿ ಸ್ಮಿತ್, ಫ್ಯೂಜಿ, ಗಾಲಾ. ಇವುಗಳಲ್ಲಿ ಒಗರು ಬಹಳ ಕಮ್ಮಿ. ಹಾಗಾಗಿ ಆ ಸೈಡರ್ ತೆಳ್ಳಗೆ, ಚುರುಕಾಗಿ, ಹಣ್ಣಿನ ಪರಿಮಳದೊಂದಿಗೆ ಇರುತ್ತದೆ. ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್, ಯಾರ್ಲಿಂಗ್ಟನ್ ಮಿಲ್ ಎಂಬ ಇಂಗ್ಲೆಂಡ್ ಮೂಲದ ತಳಿಗಳನ್ನು ಬೆಳೆಯುವವರೂ ಇದ್ದಾರೆ. ಆ ಹೆಸರು ಲೇಬಲ್ ಮೇಲೆ ಕಂಡರೆ ಮೂರನೆಯ, ನಾಲ್ಕನೆಯ ಲೋಟವನ್ನು ನೆನಪಿಸಿಕೊಳ್ಳಿ.

## ಹಂತ 2: ಲೇಬಲ್ ಓದಿ ಬಾಟಲಿ ಆರಿಸಿ

ಇಲ್ಲಿ ಮದ್ಯದ ಬಾಟಲಿ ಮೇಲೆ ಪದಾರ್ಥಗಳ ಪೂರ್ತಿ ಪಟ್ಟಿ ಹಾಕಲೇಬೇಕು ಎಂಬ ನಿಯಮ ಇಲ್ಲ. ಹಾಗಾಗಿ ಇರುವ ಕೆಲವೇ ಮಾತನ್ನು ಬಿಡಿಸಿ ಓದಬೇಕು.

"ಮೇಡ್ ಇನ್ ಆಸ್ಟ್ರೇಲಿಯಾ" ಎಂದಷ್ಟೇ ಇದ್ದರೆ ಸೇಬು ಇಲ್ಲಿಯದೇ ಎಂದು ಅಂದುಕೊಳ್ಳಬೇಡಿ. ಹೊರದೇಶದಿಂದ ತಂದ ಗಟ್ಟಿ ರಸಕ್ಕೆ ನೀರು ಬೆರೆಸಿ ಇಲ್ಲಿ ಹುದುಗಿಸಿರಬಹುದು. "ಪ್ರಾಡಕ್ಟ್ ಆಫ್ ಆಸ್ಟ್ರೇಲಿಯಾ" ಅಥವಾ "100% ಆಸ್ಟ್ರೇಲಿಯನ್ ಗ್ರೋನ್" ಎಂದಿದ್ದರೆ ಹಣ್ಣು ಇಲ್ಲಿಯದೇ. ಸೈಡರ್ ತಯಾರಕರ ಸಂಘವಾದ ಸೈಡರ್ ಆಸ್ಟ್ರೇಲಿಯಾ ಇದಕ್ಕಾಗಿಯೇ ಒಂದು ಗುರುತಿನ ಚಿಹ್ನೆ ತಂದಿದೆ. ತೋಟದ ಹೆಸರು, ಸೇಬಿನ ತಳಿ, ಕೊಯ್ದ ವರ್ಷ, ಈ ಮೂರರಲ್ಲಿ ಎರಡಾದರೂ ಇದ್ದರೆ ನಾನು ಧೈರ್ಯವಾಗಿ ಕೊಳ್ಳುತ್ತೇನೆ.

"ಡ್ರೈ" ಅಂದರೆ ಸಕ್ಕರೆಯನ್ನು ಈಸ್ಟ್ ತಿಂದು ಮುಗಿಸಿದೆ, ಸಿಹಿ ಉಳಿದಿಲ್ಲ. ಆದರೆ ಈ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಬಳಸುತ್ತಾರೆ. ದೊಡ್ಡ ಬ್ರ್ಯಾಂಡ್‌ನ "ಡ್ರೈ" ಎಷ್ಟೋ ಸಲ ಸಣ್ಣ ತೋಟದ "ಮೀಡಿಯಂ"ಗಿಂತ, ಅಂದರೆ ಸ್ವಲ್ಪ ಸಿಹಿ ಉಳಿಸಿದ್ದಕ್ಕಿಂತ, ಸಿಹಿ.

ಇನ್ನು ಪೇರ್ ಎಂಬ ಹಣ್ಣಿನ (ನಮ್ಮ ಪೇರಳೆ ಅಲ್ಲ) ವಿಷಯ. ಇಲ್ಲಿನ ನಿಯಮದ ಪ್ರಕಾರ ಸೇಬಿನ ಸೈಡರ್‌ನಲ್ಲಿ ಶೇ. 25ರವರೆಗೆ ಪೇರ್ ರಸ ಇರಬಹುದು. ಪೇರ್ ಹಣ್ಣಿನದೇ ಆದರೆ ಅದು ಪೆರ್ರಿ. ಪೇರ್‌ನಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿಯನ್ನು ಈಸ್ಟ್ ತಿನ್ನುವುದಿಲ್ಲ. ಹಾಗಾಗಿ ಡ್ರೈ ಪೆರ್ರಿಯಲ್ಲೂ ಸ್ವಲ್ಪ ಸಿಹಿ ಉಳಿಯುತ್ತದೆ. ಜಾಸ್ತಿ ಕುಡಿದರೆ ಹೊಟ್ಟೆ ಸಡಿಲವಾಗುವುದೂ ಅದರಿಂದಲೇ.

ಸಸ್ಯಾಹಾರಿಗಳು ಒಂದು ಮಾತು ಗಮನಿಸಿ. ಸೈಡರ್ ತಿಳಿಯಾಗಿಸಲು ಕೆಲವರು ಮೀನಿನ ಗಾಳಿಚೀಲದ ಅಂಟನ್ನೋ ಜೆಲಟಿನ್ ಅನ್ನೋ ಬಳಸುತ್ತಾರೆ. ಅದು ಲೇಬಲ್ ಮೇಲೆ ಕಾಣದೆ ಇರಬಹುದು. "ವೀಗನ್" ಎಂದು ಬರೆದಿದ್ದನ್ನು ಹುಡುಕಿ, ಇಲ್ಲವೇ ತಯಾರಕರನ್ನೇ ಕೇಳಿ. ಉಬ್ಬಸ ಇರುವವರು ಸಲ್ಫೈಟ್ ಎಂಬ ಮಾತನ್ನು ನೋಡಿಕೊಳ್ಳಿ. ಪ್ರತಿ ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಹಾಕಲೇಬೇಕು.

ಮೊದಲ ಸಂಜೆಗೆ ನಾನು ಹೇಳುವ ಐದು: ತಿನ್ನುವ ಸೇಬಿನ ಒಂದು ಡ್ರೈ, ಬಾಟಲಿಯಲ್ಲೇ ಹುದುಗಿದ ಮೋಡಮೋಡವಾದ ಒಂದು ಪೆಟ್‌ನ್ಯಾಟ್, ಸೈಡರ್ ತಳಿಗಳ ಒಂದು ಬಿಟರ್‌ಸ್ವೀಟ್, ಒಂದು ಮೀಡಿಯಂ, ಒಂದು ಪೆರ್ರಿ. ಬೆರ್ರಿ, ಶುಂಠಿ, ಬಿಯರಿಗೆ ಹಾಕುವ ಹಾಪ್ಸ್ ಹೂ ಸೇರಿಸಿದ್ದು ಇವತ್ತು ಬೇಡ. ಅವು ಕೆಟ್ಟವು ಎಂದಲ್ಲ, ಸೇಬನ್ನು ಮುಚ್ಚಿಬಿಡುತ್ತವೆ.

## ಹಂತ 3: ತಣಿಸಿ, ಜೋಪಾನವಾಗಿ ತೆರೆಯಿರಿ

8ರಿಂದ 12 ಡಿಗ್ರಿ ಸೆಲ್ಸಿಯಸ್ ಸರಿ. ಮನೆಯ ಫ್ರಿಜ್ ಸುಮಾರು 4 ಡಿಗ್ರಿ ಇರುತ್ತದೆ. ಅಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಒಗರು ಮಾತ್ರ ಒರಟಾಗಿ ಹೊಡೆಯುತ್ತದೆ. ಡ್ರೈ ಮತ್ತು ಬಿಟರ್‌ಸ್ವೀಟ್ ಸೈಡರನ್ನು ಇಪ್ಪತ್ತು ನಿಮಿಷ ಮೊದಲೇ ಹೊರಗಿಡಿ.

ಪೆಟ್‌ನ್ಯಾಟ್ ಬಗ್ಗೆ ಒಂದು ಮಾತು. ಒಮ್ಮೆ ತೋಟದಿಂದ ಕಾರಿನಲ್ಲಿ ತಂದ ಬಾಟಲಿಯನ್ನು ಅದೇ ಸಂಜೆ ತೆರೆದೆ. ಮುಚ್ಚಳ ಸಡಿಲಾಗುತ್ತಿದ್ದಂತೆ ನೊರೆ ಉಕ್ಕಿತು. ಸ್ನೇಹಿತರಿಗೆಂದು ಇಟ್ಟಿದ್ದ ಬಾಟಲಿಯಲ್ಲಿ ಅರ್ಧ ಸಿಂಕಿನ ಪಾಲಾಯಿತು, ಉಳಿದ ಅರ್ಧದಲ್ಲಿ ಗಸಿಯೆಲ್ಲ ಕದಡಿತ್ತು. ಅಂದಿನಿಂದ ಒಂದು ರಾತ್ರಿ ಪೂರ್ತಿ ನೆಟ್ಟಗೆ ನಿಲ್ಲಿಸಿ, ಚೆನ್ನಾಗಿ ತಣಿಸಿ, ಸಿಂಕಿನ ಪಕ್ಕದಲ್ಲೇ ತೆರೆಯುತ್ತೇನೆ. ಮುಚ್ಚಳವನ್ನು ಸ್ವಲ್ಪವೇ ಎತ್ತಿ, ಗಾಳಿ ಬಿಟ್ಟು, ಮತ್ತೆ ಒತ್ತಿ ಹಿಡಿಯಿರಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಸುಮ್ಮನಾಗುತ್ತದೆ. ತೆರೆದ ಮೇಲೆ ಗ್ಲಾಸಿನಲ್ಲಿ ಅದು ತಾನಾಗಿ 8 ಡಿಗ್ರಿಗೆ ಬರಲಿ.

ತಂತಿ ಕಟ್ಟಿದ ಬಿರಡೆಯಾದರೆ ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಬಾಯಿ ಯಾರ ಮುಖದ ಕಡೆಗೂ ಇರಬಾರದು. ಒತ್ತಡ ಕಾರಿನ ಟೈರಿಗಿಂತ ಜಾಸ್ತಿ ಇರಬಹುದು.

ಎಚ್ಚರಿಕೆಯ ಗುರುತು: ಲೋಹದ ಮುಚ್ಚಳ ಉಬ್ಬಿದ್ದರೆ, ಕ್ಯಾನ್ ಊದಿಕೊಂಡಿದ್ದರೆ, ಬಾಯಿಯ ಸುತ್ತ ಸೋರಿದ ಅಂಟು ಇದ್ದರೆ ತೆರೆಯಬೇಡಿ. ಕೊಂಡ ಅಂಗಡಿಗೆ ತಿಳಿಸಿ.

## ಹಂತ 4: ಸಾಲು ಕಟ್ಟಿ

ಡ್ರೈ ಮೊದಲು, ಸಿಹಿ ಕೊನೆಗೆ. ಇದೊಂದನ್ನು ನೆನಪಿಟ್ಟರೂ ಸಾಕು. ಹೋಳಿಗೆ ತಿಂದ ಮೇಲೆ ಕಾಫಿ ಕಹಿಯಾಗುತ್ತದೆ ಅಲ್ವಾ? ಸಿಹಿ ಸೈಡರ್ ಆದ ಮೇಲೆ ಡ್ರೈ ಕುಡಿದರೂ ಹಾಗೇ, ಬರೀ ಹುಳಿನೀರು ಅನಿಸುತ್ತದೆ. ಒಂದೇ ಮಟ್ಟದ ಸಿಹಿ ಇರುವ ಎರಡರಲ್ಲಿ ಒಗರು ಕಮ್ಮಿ ಇರುವುದು ಮೊದಲು. ಮರದ ಪೀಪಾಯಿಯಲ್ಲಿ ಹಳೆಯದಾದದ್ದು, ಆಲ್ಕೋಹಾಲ್ ಜಾಸ್ತಿ ಇರುವುದು ಆಮೇಲೆ. ಐಸ್ ಸೈಡರ್, ಅಂದರೆ ಹೆಪ್ಪುಗಟ್ಟಿಸಿ ಗಟ್ಟಿಯಾಗಿಸಿದ ರಸದಿಂದ ಮಾಡಿದ ತುಂಬಾ ಸಿಹಿ ಸೈಡರ್, ಇದ್ದರೆ ಎಲ್ಲಕ್ಕಿಂತ ಕೊನೆಗೆ, ಪಾಯಸದ ಜಾಗದಲ್ಲಿ.

ಒಂದು ಸಲಕ್ಕೆ 50 ಮಿಲಿ ಸಾಕು. ಇಲ್ಲಿನ ಪ್ರತಿ ಬಾಟಲಿಯ ಮೇಲೂ ಎಷ್ಟು ಸ್ಟ್ಯಾಂಡರ್ಡ್ ಡ್ರಿಂಕ್ ಎಂದು ಬರೆದಿರುತ್ತದೆ. ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 7ರ 750 ಮಿಲಿ ಬಾಟಲಿ ಒಂದರಲ್ಲೇ ನಾಲ್ಕಕ್ಕೂ ಮೀರಿ ಇದೆ. ಇಲ್ಲಿನ ಆರೋಗ್ಯ ಸಲಹೆ ದಿನಕ್ಕೆ ನಾಲ್ಕು, ವಾರಕ್ಕೆ ಹತ್ತನ್ನು ಮೀರಬಾರದು ಎನ್ನುತ್ತದೆ. ಹಾಗಾಗಿ ದೊಡ್ಡ ಬಾಟಲಿಯನ್ನು ಹಂಚಿಕೊಂಡೇ ಕುಡಿಯಿರಿ. ಉಗಿಯುವುದಕ್ಕೆ ನಾಚಿಕೆ ಬೇಡ, ಇದನ್ನೇ ಕೆಲಸ ಮಾಡಿಕೊಂಡವರೆಲ್ಲ ಉಗಿಯುತ್ತಾರೆ.

## ಹಂತ 5: ನೋಡಿ, ಮೂಸಿ, ಬಾಯಲ್ಲಿ ಇಡಿ

ಗ್ಲಾಸನ್ನು ಬಿಳಿ ಕಾಗದದ ಮುಂದೆ ಹಿಡಿಯಿರಿ. ತಿಳಿ ಹುಲ್ಲಿನ ಬಣ್ಣವೋ, ಜೇನಿನ ಬಣ್ಣವೋ, ಚಹಾ ಡಿಕಾಕ್ಷನ್ನೋ? ಒಗರಿನ ಸೇಬು ಸಾಮಾನ್ಯವಾಗಿ ಗಾಢ ಬಣ್ಣ ಕೊಡುತ್ತದೆ. ಮೋಡವಾಗಿದ್ದರೆ ಕೆಟ್ಟಿದೆ ಎಂದಲ್ಲ, ಸೋಸದೆ ಬಿಟ್ಟಿರಬಹುದು.

ಅಲ್ಲಾಡಿಸದೆ ಒಮ್ಮೆ ಮೂಸಿ. ಮೆಲ್ಲಗೆ ಎರಡು ಸುತ್ತು ತಿರುಗಿಸಿ ಮತ್ತೆ ಮೂಸಿ. ಬರೀ "ಸೇಬು" ಎಂದು ಬರೆದರೆ ಮುಂದಿನ ವಾರ ಅದು ಏನೂ ಹೇಳುವುದಿಲ್ಲ. ಹಸಿರು ಸೇಬಿನ ಸಿಪ್ಪೆಯೇ? ಕೊಯ್ದಿಟ್ಟು ಕಂದಾದ ಹೋಳೇ? ಬೆಲ್ಲ, ಲವಂಗ, ಒದ್ದೆ ಹುಲ್ಲು, ಚರ್ಮದ ಚಪ್ಪಲಿ? ನಿಮ್ಮ ನೆನಪಿನಿಂದ ಬಂದ ಮಾತನ್ನೇ ಬರೆಯಿರಿ. ಲೇಬಲ್ ಮೇಲಿನ ವರ್ಣನೆಯನ್ನು ಆಮೇಲೆ ಓದಿ.

ಈಗ ಒಂದು ಗುಟುಕು. ನುಂಗಬೇಡಿ, ಬಾಯಿ ತುಂಬಾ ಓಡಾಡಿಸಿ. ಮೂರು ಪ್ರಶ್ನೆ, ಇದೇ ಸಾಲಿನಲ್ಲಿ: ಎಷ್ಟು ಸಿಹಿ? ಎಷ್ಟು ಹುಳಿ? ಎಷ್ಟು ಒಗರು? ಒಂದೊಂದಕ್ಕೂ ಐದರಲ್ಲಿ ಅಂಕ ಕೊಡಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹಣ್ಣಿನ ಪರಿಮಳ ಜೋರಾಗಿದ್ದರೆ ಮನಸ್ಸು ಅದನ್ನೇ ಸಿಹಿ ಎಂದು ಲೆಕ್ಕ ಹಾಕುತ್ತದೆ. ಪೂರ್ತಿ ಡ್ರೈ ಸೈಡರಿಗೆ ಸಿಹಿ ನಾಲ್ಕು ಅಂಕ ಕೊಟ್ಟವರನ್ನು ನೋಡಿದ್ದೇನೆ. ಉಪಾಯ ಸುಲಭ: ಮೂಗು ಹಿಡಿದುಕೊಂಡು ಒಂದು ಗುಟುಕು ಹಾಕಿ. ಆಗ ನಾಲಿಗೆಗೆ ನಿಜವಾಗಿ ಸಿಗುವ ಸಿಹಿ ಮಾತ್ರ ಉಳಿಯುತ್ತದೆ. ಆಮೇಲೆ ಮೂಗು ಬಿಡಿ. ಪರಿಮಳ ಒಮ್ಮೆಲೇ ಏರಿ ಬರುತ್ತದೆ. ಆ ಒಂದು ಕ್ಷಣದಲ್ಲಿ ಸಿಹಿಯೇ ಬೇರೆ, ಹಣ್ಣೇ ಬೇರೆ ಎಂಬುದು ಬಾಯಿಗೇ ಗೊತ್ತಾಗುತ್ತದೆ.

ನುಂಗಿದ ಮೇಲೆ, ಅಥವಾ ಉಗಿದ ಮೇಲೆ, ಹತ್ತರವರೆಗೆ ಎಣಿಸಿ. ರುಚಿ ನಿಂತಿದೆಯೇ, ಖಾಲಿಯಾಯಿತೇ? ಒಳ್ಳೆಯ ಬಿಟರ್‌ಸ್ವೀಟ್ ಹತ್ತು ದಾಟಿದ ಮೇಲೂ ಅಡಿಕೆ ಜಗಿದ ಹಾಗೆ ಬಾಯಲ್ಲೇ ಇರುತ್ತದೆ. ನೀರು ಕುಡಿದು, ಬಿಸ್ಕತ್ತು ಕಡಿದು, ಎರಡು ನಿಮಿಷ ಬಿಟ್ಟು ಮುಂದಿನದಕ್ಕೆ ಹೋಗಿ.

## ಹಂತ 6: ಕೆಟ್ಟದ್ದನ್ನು ಗುರುತಿಸಿ

ಸಣ್ಣ ತಯಾರಕರು ಎಂದಮಾತ್ರಕ್ಕೆ ಎಲ್ಲ ವಾಸನೆಯನ್ನೂ "ಕ್ರಾಫ್ಟ್" ಎಂದು ಒಪ್ಪಿಕೊಳ್ಳಬೇಕಿಲ್ಲ.

ಕೊಳೆತ ಮೊಟ್ಟೆಯ ವಾಸನೆ ಗಂಧಕದ್ದು. ಎಷ್ಟೋ ಸಲ ಹತ್ತು ನಿಮಿಷ ಗ್ಲಾಸಿನಲ್ಲಿ ತಿರುಗಿಸಿದರೆ ಹೋಗುತ್ತದೆ. ಹೋಗದಿದ್ದರೆ ಸ್ವಲ್ಪವೇ ಬೇರೆ ಲೋಟಕ್ಕೆ ಹಾಕಿ ತೊಳೆದ ತಾಮ್ರದ ತುಂಡು ಅದ್ದಿ ನೋಡಿ. ವಾಸನೆ ಮಾಯವಾದರೆ ಗಂಧಕವೇ. ಆ ಲೋಟದ್ದನ್ನು ಚೆಲ್ಲಿಬಿಡಿ. ಮಜ್ಜಿಗೆಯನ್ನು ತಾಮ್ರದ ಪಾತ್ರೆಯಲ್ಲಿ ಇಡುವುದಿಲ್ಲವಲ್ಲ, ಕಾರಣ ಒಂದೇ: ಹುಳಿ ತಾಮ್ರವನ್ನು ಕರಗಿಸುತ್ತದೆ.

ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ, ಮೂಗು ಚುಚ್ಚುವ ವಿನೆಗರ್: ಇವು ಗಾಳಿ, ಬ್ಯಾಕ್ಟೀರಿಯಾ ಸೇರಿ ಆದ ಕೇಡು, ಸರಿಹೋಗುವುದಿಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಕೊಟ್ಟಿಗೆಯ ವಾಸನೆ ಮಾತ್ರ ವಾದದ ವಿಷಯ. ಪೀಪಾಯಿಯ ಸೈಡರಿನಲ್ಲಿ ಚೂರು ಇದ್ದರೆ ನನಗೆ ಇಷ್ಟ. ಸೇಬೇ ಕಾಣದಷ್ಟು ಇದ್ದರೆ ದೋಷ.

ಎಲ್ಲಕ್ಕಿಂತ ಮೋಸ ಮಾಡುವುದು "ಮೌಸ್" ಎಂದು ಕರೆಯುವ ದೋಷ. ಮೂಸಿದಾಗ ಗೊತ್ತೇ ಆಗುವುದಿಲ್ಲ, ಮೊದಲ ಗುಟುಕೂ ಚೆನ್ನಾಗಿರುತ್ತದೆ. ನುಂಗಿ ಅರ್ಧ ನಿಮಿಷ ಕಳೆದ ಮೇಲೆ ಗಂಟಲಿನ ಹಿಂದಿನಿಂದ ಇಲಿ ಬೋನಿನಂಥ, ಹಳಸಿದ ಪಾಪ್‌ಕಾರ್ನ್‌ನಂಥ ರುಚಿ ಏಳುತ್ತದೆ. ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ವಸ್ತುವೇ ಈ ದೋಷದಲ್ಲೂ ಸೇರಿರುತ್ತದೆ. ಸೈಡರಿನ ಹುಳಿಯಲ್ಲಿ ಅಡಗಿ ಕೂತಿದ್ದು, ಜೊಲ್ಲು ಹುಳಿಯನ್ನು ತಗ್ಗಿಸಿದಾಗ ಹೊರಬರುತ್ತದೆ. ಕೆಲವರಿಗೆ ಇದು ತಿಳಿಯುವುದೇ ಇಲ್ಲ. ಅನುಮಾನ ಬಂದರೆ ಒಂದು ಹನಿಯನ್ನು ಮುಂಗೈ ಮೇಲೆ ಉಜ್ಜಿ ಮೂಸಿ, ಇಲ್ಲವೇ ಒಂದು ಚಮಚ ಸೈಡರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸಿ.

## ಹಂತ 7: ಊಟದ ಜೊತೆ

ಐದೂ ಮುಗಿದ ಮೇಲೆಯೇ ಊಟ. ನಮ್ಮ ಖಾರಕ್ಕೆ ಡ್ರೈ, ಒಗರು ಸೈಡರ್ ಹೊಂದುವುದಿಲ್ಲ, ಉರಿ ಜಾಸ್ತಿಯಾಗುತ್ತದೆ. ಖಾರಕ್ಕೆ ಮೀಡಿಯಂ. ಕರಿದ ತಿಂಡಿಗೆ, ಅಂದರೆ ಬಜ್ಜಿ, ಮೀನು ಫ್ರೈಗೆ, ಹುಳಿ ಜಾಸ್ತಿ ಇರುವ ಗುಳ್ಳೆಗುಳ್ಳೆ ಡ್ರೈ. ಹಳೆಯ ಚೆಡ್ಡಾರ್ ಚೀಸ್‌ಗೆ ಬಿಟರ್‌ಸ್ವೀಟ್. ಹಂದಿಮಾಂಸಕ್ಕೂ ಸೈಡರಿಗೂ ಹಳೆಯ ನಂಟು. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಗೆ ನಾನು ಇಡುವುದು ಸ್ವಲ್ಪ ಸಿಹಿ ಉಳಿದ ಬಿಟರ್‌ಸ್ವೀಟ್. ಮಾಂಸದ ಕೊಬ್ಬನ್ನು ಒಗರು ಕತ್ತರಿಸುತ್ತದೆ, ಮೆಣಸಿನ ಖಾರವನ್ನು ಆ ಸಿಹಿ ತಡೆಯುತ್ತದೆ.

## ಹಂತ 8: ತೋಟದ ಬಾಗಿಲಿಗೆ ಹೋಗಿ

ತಯಾರಕರೇ ರುಚಿ ತೋರಿಸಿ ಮಾರುವ ಜಾಗಕ್ಕೆ ಇಲ್ಲಿ ಸೆಲರ್ ಡೋರ್ ಎನ್ನುತ್ತಾರೆ. ಪುಟ್ಟ ಗ್ಲಾಸುಗಳನ್ನು ಮರದ ಹಲಗೆಯಲ್ಲಿ ಇಟ್ಟು ಕೊಡುವುದು ಪ್ಯಾಡಲ್. ಕೇಳದೆ ಇದ್ದರೆ ಯಾವ ಸಾಲಿನಲ್ಲಾದರೂ ಬರಬಹುದು. "ಡ್ರೈನಿಂದ ಶುರು ಮಾಡಿ ಕೊಡಿ" ಎಂದು ಹೇಳಿ.

ಟ್ಯಾಸ್ಮೇನಿಯಾ ಮೊದಲ ಆಯ್ಕೆ. ಹೋಬಾರ್ಟ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಹ್ಯೂಅನ್ ಕಣಿವೆಯ ಗ್ರೋವ್. ವಿಲ್ಲಿ ಸ್ಮಿತ್ಸ್ ಅವರ ಆ್ಯಪಲ್ ಶೆಡ್ ಇರುವುದು ಅಲ್ಲೇ. ಇನ್ನೂ ಮುಂದೆ ಫ್ರಾಂಕ್ಲಿನ್‌ನಲ್ಲಿ ಫ್ರಾಂಕ್ಸ್ ಸೈಡರ್. ಹಡಗಿನಲ್ಲಿ ಡೆವನ್‌ಪೋರ್ಟ್‌ಗೆ ಇಳಿಯುವವರಿಗೆ ಸ್ಪ್ರೇಟನ್ ಹತ್ತಿರ. ಟ್ಯಾಸ್ಮೇನಿಯಾಕ್ಕೆ ಹೋಗುವಾಗ ಬ್ಯಾಗಿನಲ್ಲಿ ಹಣ್ಣು ಇಟ್ಟುಕೊಳ್ಳಬೇಡಿ. ತಾಜಾ ಹಣ್ಣನ್ನು ದ್ವೀಪಕ್ಕೆ ಒಯ್ಯುವಂತಿಲ್ಲ, ತಪಾಸಣೆ ಬಿಗಿ.

ವಿಕ್ಟೋರಿಯಾದಲ್ಲಿ ಯಾರಾ ಕಣಿವೆಯ ನೆಪೋಲಿಯೋನ್, ಹಾರ್ಕೋರ್ಟ್‌ನ ಹೆನ್ರಿ ಆಫ್ ಹಾರ್ಕೋರ್ಟ್. ಪರ್ತ್ ಕಡೆಯವರಿಗೆ ಪಿಕರಿಂಗ್ ಬ್ರೂಕ್‌ನ ಕೋರ್ ಸೈಡರ್. ನ್ಯೂ ಸೌತ್ ವೇಲ್ಸ್‌ನ ಬ್ಯಾಟ್ಲೋ ಸೇಬಿನೂರು, ಮೇ ತಿಂಗಳಲ್ಲಿ ಅಲ್ಲಿ ಸೈಡರ್ ಹಬ್ಬ. ಕೊಯ್ಲು ಫೆಬ್ರವರಿಯಿಂದ ಮೇವರೆಗೆ. ಆಗ ಹೋದರೆ ಹಣ್ಣನ್ನೂ ಅದರ ಸೈಡರನ್ನೂ ಒಟ್ಟಿಗೆ ತಿಂದು ಕುಡಿದು ನೋಡಬಹುದು. ಹೊರಡುವ ಮುಂಚೆ ಫೋನ್ ಮಾಡಿ, ಎಷ್ಟೋ ಸಣ್ಣವರು ವಾರದ ಕೊನೆಗೆ ಮಾತ್ರ ಬಾಗಿಲು ತೆಗೆಯುತ್ತಾರೆ.

ಕಾರು ಓಡಿಸುವವರು ಯಾರು ಎಂದು ಮನೆಯಲ್ಲೇ ತೀರ್ಮಾನ ಮಾಡಿ. ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.05. ಇನ್ನೂ ಕಲಿಯುತ್ತಿರುವ, ಹೊಸದಾಗಿ ಲೈಸೆನ್ಸ್ ಪಡೆದ ಎಲ್, ಪಿ ಪ್ಲೇಟ್‌ನವರಿಗೆ ಸೊನ್ನೆ.

## ಹಂತ 9: ಬರೆದಿಡಿ, ಮರುದಿನ ಮತ್ತೆ ನೋಡಿ

ಉದ್ದ ಬರೆಯಬೇಕಿಲ್ಲ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "ಬಿಟರ್‌ಸ್ವೀಟ್, ಜೇನು ಬಣ್ಣ, ಸಿಹಿ 1, ಹುಳಿ 2, ಒಗರು 4. ಹಳೇ ಮರದ ಪೆಟ್ಟಿಗೆ, ಕಂದಾದ ಸೇಬು. ಎಣಿಕೆ 14. ತಣ್ಣಗಿದ್ದಾಗ ಒರಟು, ಇಪ್ಪತ್ತು ನಿಮಿಷದ ನಂತರ ಮೆತ್ತಗೆ."

ಉಳಿದ ಬಾಟಲಿಗೆ ಗುಳ್ಳೆ ಹಿಡಿಯುವ ಸ್ಟಾಪರ್ ಹಾಕಿ ಫ್ರಿಜ್‌ನಲ್ಲಿ ಇಡಿ. ಬರೀ ಬಿರಡೆ ತುರುಕಿದರೆ ಹಾರಿ ಬೀಳುತ್ತದೆ. ಮರುದಿನ ಸಂಜೆ ಅದೇ ಗ್ಲಾಸ್, ಅದೇ ತಣಿವು, ಇನ್ನೊಂದು 50 ಮಿಲಿ. ಗುಳ್ಳೆ ಇಳಿದಿರುತ್ತದೆ, ನೊರೆಯ ಚುರುಕಿನ ಹಿಂದೆ ಅಡಗಿದ್ದದ್ದು ಮೇಲೆ ಬಂದಿರುತ್ತದೆ. ನಿನ್ನೆ ಕೊಟ್ಟ ಅಂಕದ ಪಕ್ಕದಲ್ಲೇ ಇವತ್ತಿನದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.